ಟೆರೇಸಲ್ಲೇ ಗೋಬರ್ ಗ್ಯಾಸ್ ಮಾಡ್ಕೊಳೋದು ಹೇಗೆ

ಬೆಂಗಳೂರಲ್ಲಿ ದಿನಾ ಗಾಡಿಗೆ ಕೊಡೋ ಹಸಿ ಕಸನ ಬಿಸಿಲು ಬೀಳೋ ಟೆರೇಸಲ್ಲಿ ಒಂದು ರೆಡಿಮೇಡ್ ಬಯೋಗ್ಯಾಸ್ ಟ್ಯಾಂಕ್ ಇಟ್ಟು ಅದಕ್ಕೆ ಹಾಕಿ. ಮೊದಲು ಹಸಿ ಸಗಣಿನ ಅಷ್ಟೇ ನೀರಲ್ಲಿ ಕಲಸಿ ತುಂಬಿ, ಎರಡು ಮೂರು ವಾರ ಸುಮ್ನೆ ಬಿಡಿ. ಶುರುಲಿ ಬರೋ ಗ್ಯಾಸ್ ಸರಿಯಾಗಿ ಹತ್ತಲ್ಲ, ಗಾಳಿ, ಕಾರ್ಬನ್ ಡೈಆಕ್ಸೈಡೇ ಜಾಸ್ತಿ, ಬೆಂಕಿ ಹತ್ರ ತರದೆ ಬಯಲಿಗೆ ಬಿಟ್ಬಿಡಿ. ಆಮೇಲೆ ಮಿಕ್ಕಿದ ಅನ್ನ, ತರಕಾರಿ ಸಿಪ್ಪೆ ರುಬ್ಬಿ ಸ್ವಲ್ಪ ಸ್ವಲ್ಪನೇ ಹಾಕ್ತಾ ಹೋಗಿ, ನಿಂಬೆ ಸಿಪ್ಪೆ ಮಾತ್ರ ಬೇಡ, ಹುಳಿ ಏರಿದ್ರೆ ಮೀಥೇನ್, ಅಂದ್ರೆ ಒಲೇಲಿ ಉರಿಯೋ ಗ್ಯಾಸ್, ಮಾಡೋ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸ್ತವೆ. ಡಿಸೆಂಬರ್ ಚಳಿಲಿ ಗ್ಯಾಸ್ ಕಮ್ಮಿನೇ.

ಗ್ಯಾಸಲ್ಲಿ ಸುಮಾರು 30-40% ಕಾರ್ಬನ್ ಡೈಆಕ್ಸೈಡ್ ಇರುತ್ತೆ, ಅದನ್ನ ತೆಗೀಬೇಕು ಅಂತ ಗ್ಯಾಸನ್ನ ಸುಣ್ಣದ ತಿಳಿನೀರಲ್ಲಿ ಹಾಯಿಸಿದ್ರೆ ಅದು ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಬಿಳಿ ಪುಡಿ ಥರ ತಳಕ್ಕೆ ಕೂರುತ್ತೆ, ಆದ್ರೆ ಸುಣ್ಣದಕಲ್ಲು ಸುಟ್ಟು ಸುಣ್ಣ ಮಾಡೋವಾಗ್ಲೇ ಅದೇ ಅನಿಲ ಹೊರಗೆ ಹೋಗಿರುತ್ತಲ್ಲ, ಲಾಭ ಏನ್ ಬಂತು? ಬಯೋಗ್ಯಾಸ್ ಒಲೆಗೆ ಹಾಗೆ ತೆಗೆಯೋದು ಬೇಕಾಗೂ ಇಲ್ಲ. ಹೊರಬರೋ ಬಗ್ಗಡಕ್ಕೆ ನೀರು ಬೆರೆಸಿ ಕುಂಡಗಳಿಗೆ ಹಾಕಿ.