ಸರ್ವಾನುಮತಕ್ಕೆ ಮೊದಲು ಚೀಟಿ ಬರೆಸಿ

ಶಿರಸಿ ಸೀಮೆಯ ಸಹಕಾರಿ ಸಂಘಗಳ ಸಭೆಗಳಲ್ಲಿ ಠರಾವು ಸರ್ವಾನುಮತದಿಂದ ಅಂಗೀಕಾರವಾಗುವುದು ಎಷ್ಟು ಸಾಮಾನ್ಯವೋ, ಸಭೆ ಮುಗಿದು ಹೊರಗೆ ಚಹಾ ಕುಡಿಯುವಾಗ ಅದೇ ಸದಸ್ಯರು ‘ನನಗೇನೋ ಇದು ಸರಿ ಕಾಣಲಿಲ್ಲ’ ಎನ್ನುವುದೂ ಅಷ್ಟೇ ಸಾಮಾನ್ಯ. ಒಗ್ಗಟ್ಟು ಕೆಡಬಾರದೆಂದು ಎಲ್ಲರೂ ಅನುಮಾನವನ್ನು ನುಂಗಿಕೊಳ್ಳುವ ಈ ಸ್ಥಿತಿಯನ್ನು ‘ಗ್ರೂಪ್‌ಥಿಂಕ್’ ಎಂಬ ಹೆಸರಿನಲ್ಲಿ ವಿವರವಾಗಿ ಪರಿಶೀಲಿಸಿದವರು ಅಮೆರಿಕದ ಮನೋವಿಜ್ಞಾನಿ ಇರ್ವಿಂಗ್ ಜಾನಿಸ್. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಸಲಹೆಗಾರರು ಕ್ಯೂಬಾದ ಬೇ ಆಫ್ ಪಿಗ್ಸ್ ದಾಳಿಗೆ ತಲೆಯಾಡಿಸಿ ಸೋಲು ಕಂಡದ್ದು ಅವರು ಕೊಟ್ಟ ಪ್ರಮುಖ ಉದಾಹರಣೆ.

ಇದನ್ನು ತಪ್ಪಿಸಲು, ಚರ್ಚೆಗೆ ಮೊದಲು ಎಲ್ಲರಿಂದಲೂ ಚೀಟಿ ಬರೆಸಬಹುದು. ಅದರ ಸಿದ್ಧತೆ ಸುಲಭ. ಅಂದಾಜು ಖರ್ಚು ಮತ್ತು ಕನಿಷ್ಠ ಎರಡು ಪರ್ಯಾಯಗಳಿರುವ ಟಿಪ್ಪಣಿಯನ್ನು ಎರಡು ದಿನ ಮೊದಲೇ ಹಂಚಿ. ಅಡಿಕೆ ಡ್ರೈಯರ್ ಖರೀದಿಯ ವಿಷಯವಾದರೆ ಅದನ್ನು ನಡೆಸಬೇಕಾದ ನೌಕರರನ್ನೂ ಸಭೆಗೆ ಕರೆಯಿರಿ.

ಕೆಲಸ ಕೆಡುವುದು ಸಭೆಯ ಮೊದಲ ಐದು ನಿಮಿಷದಲ್ಲಿ. ‘ನನಗಂತೂ ಇದು ಒಳ್ಳೆಯದೆನಿಸುತ್ತದೆ, ನೀವೇನು ಹೇಳುತ್ತೀರಿ?’ ಎಂದು ಅಧ್ಯಕ್ಷರು ಬಾಯಿ ತೆರೆದರೆ ಚರ್ಚೆ ಅಲ್ಲಿಗೇ ಮುಗಿಯಿತು. ಅಡಿಕೆ ಟೆಂಡರ್‌ನಲ್ಲಿ ಒಬ್ಬ ವ್ಯಾಪಾರಿ ಬರೆದ ದರ ಇನ್ನೊಬ್ಬನಿಗೆ ಕಾಣದಂತೆ ಇಲ್ಲಿಯವರು ಎಚ್ಚರ ವಹಿಸುವ ಹಾಗೆಯೇ ಅಭಿಪ್ರಾಯಗಳನ್ನೂ ಮೊದಲು ಮುಚ್ಚಿಯೇ ಪಡೆಯಬೇಕು. ಒಂದೇ ಅಳತೆಯ ಚೀಟಿಗಳನ್ನು ಕೊಟ್ಟು, ಮೇಲ್ಭಾಗದಲ್ಲಿ ಬೇಕೋ ಬೇಡವೋ ಎಂಬುದನ್ನು ಒಂದು ಕಾರಣದೊಂದಿಗೆ ಬರೆಸಿ. ಕೆಳಭಾಗದಲ್ಲಿ, ವರ್ಷದ ನಂತರ ಈ ತೀರ್ಮಾನ ಕೈಕೊಟ್ಟಿದೆ ಎಂದು ಭಾವಿಸಿ, ಅದಕ್ಕೆ ಕಾರಣವೇನಿರಬಹುದೆಂದು ಬರೆಸಿ. ಹೀಗೆ ಸೋಲನ್ನು ಮೊದಲೇ ಊಹಿಸಿಕೊಳ್ಳುವುದು ಗ್ಯಾರಿ ಕ್ಲೈನ್ ಎಂಬ ಸಂಶೋಧಕರು ರೂಢಿಗೆ ತಂದ ವಿಧಾನ. ಕೆಳಭಾಗವನ್ನು ಖಾಲಿ ಬಿಡಲು ಯಾರಿಗೂ ಅವಕಾಶ ಕೊಡಬೇಡಿ, ಏಕೆಂದರೆ ಎಲ್ಲರೂ ದೋಷ ಬರೆದಾಗ ಯಾರೊಬ್ಬರೂ ವಿರೋಧಿಯಾಗಿ ಕಾಣುವುದಿಲ್ಲ. ಸಣ್ಣ ಕಚೇರಿಯಲ್ಲಿ ಅಕ್ಷರದ ಗುರುತು ಸಿಗುವುದರಿಂದ ಚೀಟಿಗಳನ್ನು ಬೆರೆಸಿ, ಅಧ್ಯಕ್ಷರಲ್ಲದ ಒಬ್ಬರೇ ಓದಿ ಹಲಗೆಯ ಮೇಲೆ ಬರೆಯಲಿ. ಕೊನೆಯ ಚೀಟಿ ಓದುವವರೆಗೆ ಯಾರೂ ಮಾತನಾಡಬಾರದು. ‘ಇದನ್ನು ಬರೆದವರು ಯಾರು?’ ಎಂದು ತಮಾಷೆಗೂ ಕೇಳಬಾರದು.

ಸಮಯ ಉಳಿಸಲು ವಾಟ್ಸ್‌ಆ್ಯಪ್ ಪೋಲ್ ಮಾಡುವವರಿದ್ದಾರೆ. ಯಾರ ಮತ ಯಾವುದಕ್ಕೆ ಎಂಬುದು ಅದರಲ್ಲಿ ಸಾಮಾನ್ಯವಾಗಿ ಗುಂಪಿನವರಿಗೆಲ್ಲ ಕಾಣುವುದರಿಂದ ಈ ಕೆಲಸಕ್ಕೆ ಅದು ನಿರುಪಯೋಗಿ.

ಹಲಗೆಯ ಮೇಲೆ ಒಂದೇ ಅನುಮಾನ ಎರಡು ಚೀಟಿಗಳಿಂದ ಬಂದಿದ್ದರೆ ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಿ. ಗುಂಪಿನಲ್ಲಿ ಒಬ್ಬನೇ ಒಬ್ಬ ಜತೆಗಾರ ಸರಿಯುತ್ತರ ಹೇಳಿದರೂ ಉಳಿದವರ ತಪ್ಪಿಗೆ ಹೂಗುಟ್ಟುವ ಪ್ರವೃತ್ತಿ ಬಹಳ ಇಳಿಯುತ್ತದೆ ಎಂಬುದನ್ನು 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲೊಮನ್ ಆ್ಯಶ್ ಅವರ ಪ್ರಯೋಗಗಳು ತೋರಿಸಿದ್ದವು. ಕಿರಿಯರು ಮೊದಲು, ಅಧ್ಯಕ್ಷರು ಕೊನೆಗೆ ಮಾತನಾಡಲಿ. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಕೆನಡಿ ಕೆಲವು ಸಭೆಗಳಿಂದ ದೂರವೇ ಉಳಿದಿದ್ದರು; ನಮ್ಮ ಅಧ್ಯಕ್ಷರು ಅರ್ಧ ಗಂಟೆ ಹೊರಗಿದ್ದರೆ ಸಂಘವೇನೂ ಮುಳುಗುವುದಿಲ್ಲ. ವಿರೋಧಿಸುವ ಪಾತ್ರವನ್ನು ಯಾರಿಗಾದರೂ ವಹಿಸುವ ಪದ್ಧತಿಯೂ ಉಂಟು, ಆದರೆ ಅದನ್ನು ನಾನು ಸೂಚಿಸುವುದಿಲ್ಲ. ನಟನೆಯ ವಿರೋಧಕ್ಕಿಂತ ನಿಜವಾದ ಭಿನ್ನಮತವೇ ಹೊಸ ಯೋಚನೆಗಳನ್ನು ಹೆಚ್ಚು ಹೊರಡಿಸುತ್ತದೆ ಎಂದು ಮನೋವಿಜ್ಞಾನಿ ಚಾರ್ಲನ್ ನೆಮೆತ್ ಅವರ ಅಧ್ಯಯನಗಳು ಹೇಳುತ್ತವೆ.

ದೊಡ್ಡ ಖರ್ಚಿನ ಠರಾವನ್ನು ಅದೇ ದಿನ ಅಂಗೀಕರಿಸದೆ ಇನ್ನೊಂದು ಸಭೆಗೆ ಇಡಿ. ಬಗೆಹರಿಯದ ಅನುಮಾನವನ್ನು ಯಾರು, ಎಷ್ಟರೊಳಗೆ ಪರಿಶೀಲಿಸಬೇಕೆಂಬುದನ್ನು ನಡಾವಳಿಯಲ್ಲಿ ದಾಖಲಿಸಿ. ಚೀಟಿಗಳನ್ನು ಮಾತ್ರ ಎಲ್ಲರೆದುರೇ ಹರಿದುಹಾಕಿ. ಅವು ಕಡತ ಸೇರಿದರೆ ಮುಂದಿನ ಸಲ ಯಾರೂ ಮನಸ್ಸು ಬಿಚ್ಚಿ ಬರೆಯುವುದಿಲ್ಲ.