ಬಟ್ಟಲು ಖಾಲಿಯಾದ ಮಾತ್ರಕ್ಕೆ ಇಲಿ ಉಂಡಿತೆಂದಲ್ಲ

ಅಡಿಕೆ ಒಣಹಾಕುವ ಮನೆಗಳಲ್ಲಿ ಇಲಿ ಎಂದರೆ ಪಾಷಾಣಕ್ಕೇ ಸರಿ ಎಂಬ ಕಾಲವಿತ್ತು. ಈಗ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಕುಂಬಳೆಯ ಕಡೆಯ ಮನೆಗಳಿಗೂ ಮಕ್ಕಳ ಹಟಕ್ಕೆ ಬಿಳಿ ಇಲಿಗಳು ಬಂದಿವೆ. ಅಜ್ಜಿ ಗಂಜಿಯ ಅನ್ನ, ತೆಂಗಿನ ಚೂರು ಹಾಕುತ್ತಾರೆ. ಅಪ್ಪ ಅಂಗಡಿಯ ಬಣ್ಣಬಣ್ಣದ ಪೊಟ್ಟಣ ಸುರಿಯುತ್ತಾರೆ. ಆರೇಳು ತಿಂಗಳಲ್ಲಿ ಇಲಿ ಉಬ್ಬಿ, ಹತ್ತಲಾರದೆ ಗೂಡಿನ ತಳದಲ್ಲೇ ಕೂರುತ್ತದೆ. ಹೇಗೂ ಎರಡು ಮೂರು ವರ್ಷ ಬಾಳುವ ಜೀವ. ಅದರಲ್ಲೂ ಅರ್ಧ ಆಯುಷ್ಯ ಹೀಗೆ ಕಳೆಯುವುದನ್ನು ನೋಡಲಾಗುವುದಿಲ್ಲ.

1. ಮೊದಲು ತೂಗಿ

ಅಡುಗೆಮನೆಯ ತಕ್ಕಡಿಯ ಮೇಲೆ ಡಬ್ಬಿಯಿಟ್ಟು ಇಲಿಯನ್ನು ತೂಗಿ. ಬೆಳೆದ ಹೆಣ್ಣು ಸಾಮಾನ್ಯವಾಗಿ 250ರಿಂದ 350 ಗ್ರಾಂ, ಗಂಡು 350ರಿಂದ 500 ಗ್ರಾಂ ಇರುತ್ತದೆ. ಅಂಥ ಇಲಿಗೆ ದಿನಕ್ಕೆ 15ರಿಂದ 20 ಗ್ರಾಂ ಒಣ ಆಹಾರ ಸಾಕು.

2. ಮುಖ್ಯ ಆಹಾರ

ಪ್ರಯೋಗಾಲಯದ ಇಲಿಗಳಿಗೆಂದು ಅಮೆರಿಕದ ಪೌಷ್ಟಿಕತಜ್ಞರು 1993ರಲ್ಲಿ ಗೊತ್ತುಮಾಡಿದ ಆಹಾರದಲ್ಲಿ ಬೆಳೆಯುವ ಮರಿಗೆ ಕೇಸೀನ್, ಅಂದರೆ ಹಾಲಿನ ಪ್ರೋಟೀನ್, ಶೇ 20. ಬೆಳೆದದ್ದಕ್ಕೆ ಶೇ 14. ಎಣ್ಣೆ ಕ್ರಮವಾಗಿ ಶೇ 7 ಮತ್ತು ಶೇ 4. ಪೊಟ್ಟಣದ ಹಿಂಬದಿಯ ಅಂಕಿಗಳನ್ನು ಇವುಗಳ ಪಕ್ಕಕ್ಕಿಟ್ಟು ನೋಡಿ. ಕುಚ್ಚಿಲಕ್ಕಿಯಲ್ಲಿ ಪ್ರೋಟೀನ್ ಶೇ 7ರ ಆಸುಪಾಸು ಮಾತ್ರ. ಬೆಂದು ನೀರು ಕುಡಿದ ಅನ್ನದಲ್ಲಿ ಇನ್ನೂ ಕಡಿಮೆ. ಸೂರ್ಯಕಾಂತಿ ಬೀಜದ ತಿರುಳಿನಲ್ಲಿ ಅರ್ಧದಷ್ಟು ಎಣ್ಣೆಯೇ. ಅನ್ನ ತಿಂದ ಇಲಿ ಬಡಕಲು, ಬೀಜ ತಿಂದದ್ದು ಬೊಜ್ಜು.

ನನ್ನ ಆಯ್ಕೆ ಇಲಿಗಳಿಗೆಂದೇ ಮಾಡಿದ, ಎಲ್ಲ ಉಂಡೆಗಳೂ ಒಂದೇ ತೆರನಾಗಿರುವ ಪೆಲೆಟ್. ನೋಡಲು ಬೇಸರದ ವಸ್ತು, ಆದರೆ ಆರಿಸಿ ತಿನ್ನಲು ಅದರಲ್ಲಿ ಅವಕಾಶವಿಲ್ಲ. ಕಾಸರಗೋಡು ಪೇಟೆಯಲ್ಲಿ ಸಿಗದಿದ್ದರೆ ಅಂಚೆಯಲ್ಲಿ ತರಿಸಿ. ಹ್ಯಾಮ್‌ಸ್ಟರ್ (ಇಲಿಯಂಥ ಇನ್ನೊಂದು ಸಾಕುಪ್ರಾಣಿ) ಚಿತ್ರವಿರುವ, ಬೀಜ, ಕಾಳು, ಉಂಡೆ ಬೆರೆಸಿದ ಮಿಶ್ರಣ ಬೇಡ. ಉಪ್ಪಿನ ಬಿಲ್ಲೆಗೂ ದುಡ್ಡು ದಂಡ. ನೀರಿಗೆ ಹಾಕುವ ಸಿ ವಿಟಮಿನ್ ಹನಿಗಳಂತೂ ಶುದ್ಧ ವ್ಯಾಪಾರ: ಗಿನಿಪಿಗ್‌ಗೆ ಸಿ ವಿಟಮಿನ್ ಹೊರಗಿನಿಂದ ಬೇಕು, ಇಲಿಯ ಯಕೃತ್ತು ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹನಿ ಬಿದ್ದ ನೀರಿನ ರುಚಿ ಕೆಟ್ಟು ಇಲಿ ಕುಡಿಯುವುದನ್ನೇ ಕಡಿಮೆ ಮಾಡೀತು.

3. ಬಡಿಸುವುದು

ಎಲ್ಲರೂ ಎಡವುವುದು ಇಲ್ಲಿ. ಮಿಶ್ರಣ ಹಾಕಿದ ಬಟ್ಟಲನ್ನು ಒಂದು ಸಂಜೆ ಕೂತು ನೋಡಿ. ಇಲಿ ಮೊದಲು ಸೂರ್ಯಕಾಂತಿಯನ್ನು ಎತ್ತಿಕೊಳ್ಳುತ್ತದೆ. ಮುಂಗಾಲುಗಳಲ್ಲಿ ಹಿಡಿದು, ತುದಿ ಕಚ್ಚಿ, ಸಿಪ್ಪೆಯನ್ನು ಬಟ್ಟಲಿಗೇ ಉದುರಿಸುತ್ತದೆ. ಆಮೇಲೆ ಕಡಲೆಕಾಯಿ, ಆಮೇಲೆ ಜೋಳ. ಪ್ರೋಟೀನ್, ಖನಿಜ ತುಂಬಿದ ಕಂದು ಉಂಡೆಗಳನ್ನು ಮೂಸಿ ಬದಿಗೆ ಸರಿಸುತ್ತದೆ. ಬೆಳಿಗ್ಗೆ ಮೇಲಿನಿಂದ ನೋಡಿದವರು "ಇನ್ನೂ ಅರ್ಧ ಇದೆ" ಎನ್ನುತ್ತಾರೆ. ಒಮ್ಮೆ ಊದಿ: ಸಿಪ್ಪೆಯೆಲ್ಲ ಹಾರಿಹೋಗಿ ಅಡಿಯಲ್ಲಿ ಬರೇ ಉಂಡೆಗಳು ಉಳಿದಿರುತ್ತವೆ. ಅದರ ಮೇಲೆಯೇ ಮತ್ತೊಂದು ಹಿಡಿ ಸುರಿದರೆ ಇಲಿಗೆ ಪುನಃ ಬೀಜದ ಹಬ್ಬ. ಪೊಟ್ಟಣದಲ್ಲಿ ಬರೆದ ಶೇಕಡಾವಾರು ಬಟ್ಟಲಿನಲ್ಲಿತ್ತೇ ಹೊರತು ಇಲಿಯ ಹೊಟ್ಟೆಗೆ ಹೋಗಲಿಲ್ಲ.

ಬಟ್ಟಲು ಪೂರ್ತಿ ಖಾಲಿಯಾದರೂ ನಂಬಬೇಡಿ. ಇಲಿ ಕೂಡಿಡುವ ಪ್ರಾಣಿ. ಮಲಗುವ ಬಟ್ಟೆಯ ಮಡಿಕೆ, ಗೂಡಿನ ಮೂಲೆಗಳನ್ನು ತಡಕಿ, ಸಿಕ್ಕಿದ್ದನ್ನೂ ತೂಗಿ. ಹಾಕಿದ್ದರಲ್ಲಿ ಅದನ್ನು ಕಳೆದರೆ ತಿಂದದ್ದೆಷ್ಟೆಂದು ತಿಳಿಯುತ್ತದೆ. ಇಲಿ ಇರುಳಿನ ಪ್ರಾಣಿಯಾದ್ದರಿಂದ ಅಳೆದ ಆಹಾರವನ್ನು ಸಂಜೆ ಒಂದೇ ಸಲ ಕೊಡಿ. ಮಿಶ್ರಣವೇ ಗತಿಯೆಂದಾದರೆ ಹಿಂದಿನ ದಿನದ ಉಂಡೆ ಮುಗಿಯುವ ತನಕ ಹೊಸತು ಹಾಕಬೇಡಿ. ಎರಡು ಇಲಿಗಳಿದ್ದರೆ ಆಹಾರವನ್ನು ಎರಡು ಕಡೆ ಇಡಿ, ಇಲ್ಲವೇ ಗೂಡಿನ ತುಂಬ ಚೆಲ್ಲಿ. ಇಲ್ಲದಿದ್ದರೆ ಜೋರಿನದ್ದು ಕೊಬ್ಬುತ್ತದೆ, ಮೆತ್ತಗಿನದ್ದು ಸೊರಗುತ್ತದೆ. ಬೆಳೆಯುವ ಮರಿಗೆ ಮಾತ್ರ ಈ ಅಳತೆ ಬೇಡ, ಹೊಟ್ಟೆ ತುಂಬ ತಿನ್ನಲಿ.

ಹೊಸ ಆಹಾರವನ್ನು ಮೂಸಿ ಬಿಟ್ಟರೆ ಬೇಸರಿಸಬೇಡಿ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಹಾಗಾಗಿ ಚೂರೇ ಚೂರು ತಿಂದು, ಏನೂ ಆಗದಿದ್ದರೆ ಮಾತ್ರ ಮತ್ತೆ ಬಾಯಿ ಹಾಕುತ್ತದೆ. ಧೈರ್ಯದ ಇಲಿಗೆ ಮೊದಲು ತಿನ್ನಿಸಿ. ಅದರ ಬಾಯಿಯ ವಾಸನೆ ಹಿಡಿದು ಉಳಿದವೂ ಅದನ್ನೇ ತಿನ್ನುತ್ತವೆ.

4. ಹಸಿ ಮತ್ತು ಬೇಯಿಸಿದ್ದು

ಹರಿವೆ, ಅಲಸಂಡೆ, ಮುಳ್ಳುಸೌತೆ, ಬೇಯಿಸಿದ ಚೀನಿಕಾಯಿ: ದಿನಕ್ಕೆ ಒಂದು ಚಮಚ. ಬಾಳೆಹಣ್ಣು ಬೆರಳಿನ ಉಗುರಿನಷ್ಟು. ತೆಂಗಿನಕಾಯಿಯೂ ಅಷ್ಟೇ, ಗೆರಟೆ ಕೊಟ್ಟರೆ ಹಲ್ಲು ತೇಯಲು ಆಯಿತು. ಅಡಿಕೆಗೆ ಮದ್ದು ಬಿಟ್ಟ ಮೇಲೆ ತೋಟದ ಬುಡದ ಸೊಪ್ಪನ್ನು ತರಬೇಡಿ. ಆ ಮದ್ದು, ಅಂದರೆ ಬೋರ್ಡೊ ದ್ರಾವಣ, 100 ಲೀಟರಿನಲ್ಲಿ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಇರುತ್ತದೆ, ಅದೆಲ್ಲ ಇಳಿಯುವುದು ಆ ಎಲೆಗಳ ಮೇಲೆ.

ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆಯ ಚೂರನ್ನೋ ಉಪ್ಪು ಹಾಕದೆ ಬೇಯಿಸಿದ ಬೂತಾಯಿಯ ತುಂಡನ್ನೋ ಕೊಡಿ. ಒಣಮೀನು ಬೇಡ, ವಿಪರೀತ ಉಪ್ಪು. ಮೀನು ಮೊಟ್ಟೆ ಒಳಗೆ ಬಾರದ ಮನೆಯವರು ಮೆತ್ತಗೆ ಬೆಂದ ಹೆಸರುಕಾಳು ಕೊಡಬಹುದು. ಆದರೆ ಆಗ ಪೆಲೆಟ್ ಕಡ್ಡಾಯ, ಏಕೆಂದರೆ ಬಿ12 ವಿಟಮಿನ್ ಕಾಳಿನಲ್ಲಿ ಸಿಗುವುದಿಲ್ಲ.

5. ಕೊಡಲೇಬಾರದ್ದು

ಹಸಿ ಮರಗೆಣಸು (ಸಯನೈಡ್ ಬಿಡುತ್ತದೆ), ಹಸಿ ಕೆಸು, ಬೇಯಿಸದ ರಾಜ್ಮಾ, ಹಸಿರು ತಿರುಗಿದ ಬಟಾಟೆ, ಅಡಿಕೆ, ಚಾಕೊಲೇಟ್. ಗಂಡು ಇಲಿಗೆ ಕಿತ್ತಳೆ ಸಿಪ್ಪೆಯೂ ಬೇಡ. ಅದರ ಎಣ್ಣೆಯಲ್ಲಿರುವ ಲಿಮೊನೀನ್ ಮೂತ್ರಪಿಂಡಕ್ಕೆ ಹಾನಿ ಮಾಡುವುದು ಗಂಡಿಗೆ ಮಾತ್ರ. ಸೋಡಾ ಕುಡಿಸಿದರೆ ತೇಗಲು ಬಾರದೆ ಒದ್ದಾಡುತ್ತದೆ.

ಮಳೆಗಾಲದಲ್ಲಿ ಕಡಲೆಕಾಯಿಯನ್ನೇ ನಿಲ್ಲಿಸಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ಅಫ್ಲಟಾಕ್ಸಿನ್ ವಿಷದಿಂದ. ಇಲಿಗಳಲ್ಲಿ ಅದೇ ವಿಷ ಯಕೃತ್ತಿನ ಕ್ಯಾನ್ಸರ್ ತರುತ್ತದೆ. ಬೂಷ್ಟನ್ನು ಒರೆಸಿ, ಬಿಸಿಲಿಗೆ ಹಾಕಿ, ಹುರಿದು ಕೊಡುವವರಿದ್ದಾರೆ. ಆ ಬಿಸಿಗೆ ವಿಷ ಪೂರ್ತಿ ಹೋಗುವುದಿಲ್ಲ, ಎಸೆಯಿರಿ. ಪೆಲೆಟನ್ನೂ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಾಡದ ಭರಣಿಯಲ್ಲಿಟ್ಟು, ಒಂದು ತಿಂಗಳಿಗೆ ಬೇಕಾದಷ್ಟನ್ನೇ ತರಿಸಿ.

6. ನೀರು

ಬಾಟಲಿಯ ನೀರನ್ನು ದಿನವೂ ಬದಲಿಸಿ, ಅದರ ನಳಿಗೆಯ ತುದಿಯ ಗುಂಡು ತಿರುಗುತ್ತದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ.

7. ಮತ್ತೆ ತೂಗಿ

ವಾರಕ್ಕೊಮ್ಮೆ, ಅದೇ ತಕ್ಕಡಿಯಲ್ಲಿ. ಏರುತ್ತಿದ್ದರೆ ಮೊದಲು ಕೈಬಿಡಬೇಕಾದದ್ದು ಮಕ್ಕಳು ಕದ್ದು ಕೊಡುವ ಬಿಸ್ಕತ್ತು. ಪೆಲೆಟಿಗೆ ಕತ್ತರಿ ಹಾಕುವುದು ಆಮೇಲೆ. ಇಳಿಯುತ್ತಿದ್ದರೆ ಮುಂದಿನ ಹಲ್ಲುಗಳನ್ನು ನೋಡಿ. ಅವು ಬದುಕಿಡೀ ಬೆಳೆಯುತ್ತಲೇ ಇರುತ್ತವೆ. ಮೇಲಿನದ್ದೂ ಕೆಳಗಿನದ್ದೂ ಕೂಡದೆ ಸೊಟ್ಟಗಾದರೆ ಇಲಿಗೆ ಕಚ್ಚಲಾಗುವುದಿಲ್ಲ. ಪಶುವೈದ್ಯರಲ್ಲಿಗೆ ಒಯ್ಯುವ ತನಕ ಪೆಲೆಟನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಆರಿದ ಮೇಲೆ ತಟ್ಟೆಯಲ್ಲಿ ಕೊಡಿ.