ಅಂಗಿ ಹೊಲಿಸುವವರಿಗೆ: ಕಲಬುರಗಿಯಲ್ಲಿ ಟೇಲರ್ ಆರಿಸುವುದು, ಹೊಲಿಗೆ ಪರೀಕ್ಷಿಸುವುದು

ಟೇಲರ್ ಅಂಗಡಿಯಲ್ಲಿ ಅಳತೆ ಬರೆದುಕೊಂಡವರೇ ಬಟ್ಟೆ ಕತ್ತರಿಸುತ್ತಾರೆ ಎನ್ನುವಂತಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್, ಕಪಡಾ ಬಜಾರ್ ಕಡೆ ಸ್ವಲ್ಪ ದೊಡ್ಡ ಅಂಗಡಿಯಾದರೆ ಕತ್ತರಿ ಹಿಡಿಯುವ ಮಾಸ್ಟರ್ ಒಬ್ಬರು, ಮಷಿನ್ ಮೇಲೆ ಕೂತ ಕಾರೀಗರ್ ಇನ್ನೊಬ್ಬರು, ಕಾಜ-ಗುಂಡಿಗೆ ಹೊರಗಿನವರು ಮತ್ತೊಬ್ಬರು ಇರುವುದು ಸಾಮಾನ್ಯ. ಆದ್ದರಿಂದ ‘ಹೊಲಿಗಿ ಎಷ್ಟ್ರಿ?’ ಎನ್ನುವ ಮೊದಲು ‘ಕಟಿಂಗ್ ಯಾರು ಮಾಡ್ತಾರ್ರಿ?’ ಎಂದು ಕೇಳಿ. ಕತ್ತರಿಸುವವರೇ ಅಳತೆ ತೆಗೆದರೆ ಅರ್ಧ ಚಿಂತೆ ಕಳೆದಂತೆ. ಒಂದು ಭುಜ ಇಳಿದಿದೆ, ಬೆನ್ನು ತುಸು ಬಾಗಿದೆ ಎಂಬುದು ಟೇಪಿಗೆ ಸಿಗುವುದಿಲ್ಲ, ಕಣ್ಣಿಗೆ ಸಿಗುತ್ತದೆ. ಕಣ್ಣಿಗೆ ಸಿಕ್ಕಿದ್ದು ಅಳತೆ ಪುಸ್ತಕಕ್ಕೆ ಇಳಿಯದಿದ್ದರೆ ಒಳಕೋಣೆಯ ಮಾಸ್ಟರ್ ಎಲ್ಲರಿಗೂ ಕತ್ತರಿಸುವ ಹಾಗೆಯೇ ನಿಮಗೂ ಕತ್ತರಿಸುತ್ತಾರೆ.

ಆಮೇಲೆ ಡೆಲಿವರಿಗೆಂದು ನೇತುಹಾಕಿದ ಅಂಗಿಯೊಂದನ್ನು ಒಳಮೈ ಹೊರಗೆ ಮಾಡಿ ತೋರಿಸಲು ಹೇಳಿ. ಷೋಕೇಸಿನ ಬೊಂಬೆಗೆ ತೊಡಿಸಿದ್ದು ಬೇಡ. ಅದನ್ನು ತೋರಿಸಲೆಂದೇ ಹೊಲಿದಿರುತ್ತಾರೆ. ಕಂಕುಳಿನಿಂದ ಕೆಳಗಿಳಿಯುವ ಪಕ್ಕದ ಹೊಲಿಗೆ ನೋಡಿ. ಒಂದರ ಅಂಚನ್ನು ಇನ್ನೊಂದರೊಳಗೆ ಮಡಿಸಿ, ಎಳೆ ಹೊರಗೆ ಕಾಣದಂತೆ ಚಪ್ಪಟೆಯಾಗಿ ಹೊಲಿದಿದ್ದರೆ ಅದು ಮೇಲ್ದರ್ಜೆಯ ಕೆಲಸ. ಓವರ್‌ಲಾಕ್ ಮಾಡಿ, ಅಂದರೆ ಎಳೆ ಬಿಡದಂತೆ ಅಂಚಿಗೆ ಮಷಿನ್‌ನಲ್ಲಿ ದಾರ ಸುತ್ತಿ, ಬಿಟ್ಟಿದ್ದರೆ ಕೆಟ್ಟದ್ದೇನಲ್ಲ, ಆದರೆ ಮೇಲ್ದರ್ಜೆಯ ಕೂಲಿ ಕೊಡಬೇಡಿ. ಒಂದು ಮಾತು: ಮಡಿಸಿ ಹೊಲಿದ ಅಂಗಿಯನ್ನು ಮುಂದೆ ಸಡಿಲ ಮಾಡಿಸುವುದು ಕಷ್ಟ. ಹೊಟ್ಟೆ ಬೆಳೆಯುವ ವಯಸ್ಸಿನವರು ಓವರ್‌ಲಾಕ್ ಮಾಡಿಸಿ ಒಳಗೆ ಅರ್ಧ ಇಂಚು ಬಟ್ಟೆ ಬಿಡಿಸಿಕೊಂಡರೆ ಬುದ್ಧಿವಂತರು.

ಕಾಲರ್ ಮೇಲೆ ಸ್ಕೇಲಿಟ್ಟು ಒಂದು ಇಂಚಿನಲ್ಲಿ ಎಷ್ಟು ಟಾಕು, ಅಂದರೆ ಸೂಜಿಯ ಹೊಲಿಗೆ, ಇವೆ ಎಣಿಸಿ. 10-12 ಇದ್ದರೆ ಸಾಧಾರಣ, 14-16 ಇದ್ದರೆ ಒಳ್ಳೆಯ ಕೈ. ಇನ್ನೂ ಸಣ್ಣ ಟಾಕು ಹಾಕಿದರೆ ಇನ್ನೂ ಚೆಂದ ಎಂದೇನಿಲ್ಲ. ತೆಳು ಬಟ್ಟೆಯಲ್ಲಿ ಟಾಕು ಒತ್ತೊತ್ತಾದರೆ, ಅಥವಾ ದಾರ ಬಿಗಿಯಾದರೆ, ಹೊಲಿಗೆಯುದ್ದಕ್ಕೂ ಬಟ್ಟೆ ಸುಕ್ಕುಗಟ್ಟುತ್ತದೆ.

ಅಂಗಿಯ ಆಯುಷ್ಯ ಇರುವುದು ಕಾಲರಿನಲ್ಲಿ, ಹಾಗಾಗಿ ಅಲ್ಲಿ ಸ್ವಲ್ಪ ಹೊತ್ತು ಕಳೆಯಿರಿ. ಎರಡೂ ತುದಿಗಳನ್ನು ಒಂದರ ಮೇಲೊಂದು ಮಡಿಸಿ ಹಿಡಿದರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಬಾರದು. ತುದಿ ಚೂಪಾಗಿ ತಿರುಗಿರಬೇಕು. ಮೊಂಡಾಗಿದ್ದರೆ ಒಳಗಿನ ಬಟ್ಟೆ ಕತ್ತರಿಸದೆ ಹಾಗೇ ತುರುಕಿದ್ದಾರೆ ಎಂದರ್ಥ. ಮೇಜಿನ ಮೇಲಿಟ್ಟಾಗ ತುದಿಗಳು ಒಳಕ್ಕೆ, ಅಂದರೆ ಎದೆಯ ಕಡೆಗೆ, ತುಸು ಬಾಗಿರಬೇಕು. ಮೇಲಿನ ಪದರವನ್ನು ಕೆಳಗಿನದಕ್ಕಿಂತ ಒಂದೆರಡು ಮಿ.ಮೀ. ದೊಡ್ಡದಾಗಿ ಕತ್ತರಿಸಿದ್ದರಷ್ಟೇ ಹಾಗೆ ಬಾಗುತ್ತದೆ. ಎರಡನ್ನೂ ಒಂದೇ ಅಳತೆಗೆ ಕತ್ತರಿಸಿದ ಕಾಲರ್ ನಾಲ್ಕು ಒಗೆತಕ್ಕೆ ಮೇಲೆದ್ದು ನಿಲ್ಲುತ್ತದೆ.

ಕಾಲರಿನೊಳಗೆ ಏನು ಹಾಕುತ್ತಾರೆ ಎಂದೂ ಕೇಳಿ. ಶಾಖಕ್ಕೆ ಅಂಟುವ ಒಳಪದರ, ಅಂದರೆ ಫ್ಯೂಸಿಂಗ್, ಹಾಕಿದರೆ ಕಾಲರ್ ನಯವಾಗಿ ಕಾಣುತ್ತದೆ. ಆದರೆ ಅದನ್ನು ಕೈ ಇಸ್ತ್ರಿಯಲ್ಲಿ ಅಂಟಿಸಿದರೆ ಶಾಖ, ಒತ್ತಡ ಎಲ್ಲ ಕಡೆ ಸಮ ಬೀಳುವುದಿಲ್ಲ. ಕೆಲವು ಒಗೆತ ಕಳೆದ ಮೇಲೆ ಗುಳ್ಳೆ ಏಳುತ್ತದೆ, ಮತ್ತೆ ಕೂರುವುದಿಲ್ಲ. ಹೊಲಿದು ಕೂರಿಸುವ ಗಡಸು ಬಟ್ಟೆಯ ಒಳಪದರ, ಅಂದರೆ ಬಕ್ರಂ, ಆದರೆ ಗುಳ್ಳೆಯ ಕಾಟವಿಲ್ಲ, ಆದರೆ ಅದನ್ನು ಮೊದಲೇ ನೆನೆಸಿ ಒಣಗಿಸಿರಬೇಕು. ಇಲ್ಲದಿದ್ದರೆ ಒಳಗಿನ ಬಕ್ರಂ ಮುದುಡಿ, ಮೇಲಿನ ಬಟ್ಟೆ ಹಾಗೇ ಉಳಿದು, ಕಾಲರ್ ತಿರುಚಿಕೊಳ್ಳುತ್ತದೆ.

ಕಾಜದ ಒಳಗೆ ಎಳೆ ಎದ್ದಿದ್ದರೆ ಮಷಿನ್ ಬ್ಲೇಡು ಮೊಂಡಾಗಿದೆ. ಗುಂಡಿ ಹಚ್ಚುವಾಗ ಬುಡಕ್ಕೆ ದಾರ ಸುತ್ತಿಸಿ. ಕಾಜವಿರುವ ಪಟ್ಟಿಯ ದಪ್ಪಕ್ಕೆ ಜಾಗವಿಲ್ಲದ ಗುಂಡಿ ಬಟ್ಟೆಯನ್ನು ಎಳೆದು ಬೇಗ ಕಿತ್ತು ಬರುತ್ತದೆ. ಚಿಪ್ಪಿನ ಗುಂಡಿ ಎಂದು ಹೇಳಿ ಹಣ ಕೇಳಿದರೆ ಕೆನ್ನೆಗೆ ಒತ್ತಿ ನೋಡಿ. ಚಿಪ್ಪು ತಣ್ಣಗಿರುತ್ತದೆ, ಪ್ಲಾಸ್ಟಿಕ್ ಅಷ್ಟು ತಣ್ಣಗಿರುವುದಿಲ್ಲ.

ಬಟ್ಟೆ

ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಅಂಗಿ ತೊಡುವುದು ಅವರವರ ಹಣೆಬರಹ. ಶುದ್ಧ ಹತ್ತಿ ಕೊಳ್ಳಿ, ಕೊಳ್ಳುವಾಗ ತುಣುಕನ್ನು ಬೆಳಕಿಗೆ ಹಿಡಿದು ನೇಯ್ಗೆ ಎಲ್ಲ ಕಡೆ ಒಂದೇ ಸಮ ಇದೆಯೇ ನೋಡಿ. ಮುಷ್ಟಿಯಲ್ಲಿ ಉಜ್ಜಿದಾಗ ಕೈಗೆ ಪುಡಿ ಹತ್ತಿದರೆ ಅದು ಗಂಜಿ. ಒಂದು ಒಗೆತಕ್ಕೆ ಗಂಜಿ ಹೋಗಿ ಬಟ್ಟೆ ಜಾಳಾಗುತ್ತದೆ. ನೂಲಿನ ಕೌಂಟ್ (ಸಂಖ್ಯೆ ಹೆಚ್ಚಿದಷ್ಟೂ ಎಳೆ ತೆಳು) 60ರಿಂದ 80ರವರೆಗೆ ದಿನಬಳಕೆಗೆ ಹೊಂದುತ್ತದೆ. ಎರಡು ಎಳೆ ಹೊಸೆದು ನೇಯ್ದದ್ದು, ಅಂದರೆ 2/80 ಎಂದು ಬರೆದದ್ದು, ಒಂದೆಳೆಯದಕ್ಕಿಂತ ಹೆಚ್ಚು ಬಾಳಿಕೆ ಬರುತ್ತದೆ. 100 ದಾಟಿದರೆ ಮೈಗೆ ನುಣುಪು ನಿಜ, ಆದರೆ ಬಂಡೆಗೆ ಬಡಿದು ಒಗೆಯುವ ಮನೆಗೆ ಅದು ತಕ್ಕದ್ದಲ್ಲ.

58 ಇಂಚಿನ ಪನ್ನಾ, ಅಂದರೆ ಬಟ್ಟೆಯ ಅಗಲ, ಇದ್ದರೆ ತುಂಬು ತೋಳಿಗೆ 1.6 ಮೀಟರ್ ಸಾಕು, ದಪ್ಪ ಮೈಯವರಿಗೆ 2 ಮೀಟರ್. 36 ಇಂಚಿನ ಪನ್ನಾ ಆದರೆ 2.25ರಿಂದ 2.5 ಮೀಟರ್ ಬೇಕು. ದೊಡ್ಡ ಚೆಕ್ಸ್ ಇದ್ದರೆ 20-30 ಸೆಂ.ಮೀ. ಹೆಚ್ಚು ತನ್ನಿ, ಕಿಸೆಯ ಗೆರೆ ಎದೆಯ ಗೆರೆಗೆ, ಎಡ ಮುಂಭಾಗದ ಗೆರೆ ಬಲದ್ದಕ್ಕೆ ಕೂಡಬೇಕಾದರೆ ಬಟ್ಟೆ ಅಷ್ಟು ಹಾಳಾಗುತ್ತದೆ. ಹೊಲಿಯಲು ಕೊಡುವ ಮುನ್ನ ರಾತ್ರಿಯಿಡೀ ತಣ್ಣೀರಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ. ‘ನಾವೇ ನೆನಸ್ತೀವ್ರಿ’ ಎನ್ನುವ ಅಂಗಡಿಯ ಮಾತು ಗಿರಾಕಿ ಜಾಸ್ತಿ ಇದ್ದ ವಾರ ಮರೆತುಹೋಗುತ್ತದೆ.

ಅಳತೆ, ಟ್ರಯಲ್

ನಿತ್ಯ ಹಾಕುವ ಬನಿಯನ್ ತೊಟ್ಟು, ಸಡಿಲವಾಗಿ ನಿಂತು ಅಳತೆ ಕೊಡಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ನಿಮಗೇ. ಕುತ್ತಿಗೆ ಸುತ್ತಳತೆಗೆ ಅರ್ಧ ಇಂಚು, ಎದೆಗೆ 4-5 ಇಂಚು ಸಡಿಲ ಇರಲಿ. ತೋಳು ಮಣಿಕಟ್ಟಿನ ಎಲುಬು ಮುಚ್ಚಬೇಕು. ಕೈಗಡಿಯಾರ ಕಟ್ಟುವ ಕೈಯ ಕಫ್ ಅನ್ನು ಕಾಲು ಇಂಚು ದೊಡ್ಡದು ಮಾಡಿಸಿ.

ಕಾಜ ಹಾಕುವ ಮೊದಲು ಟ್ರಯಲ್ ಕೇಳಿ. ಕೊಡುವುದಿಲ್ಲ ಎಂದರೆ ಇನ್ನೊಂದು ಅಂಗಡಿ ನೋಡಿ. ಮೊದಲು ಕೈ ಮೇಲೆತ್ತಿ. ಇಡೀ ಅಂಗಿ ಸೊಂಟದಿಂದ ಎದ್ದು ಬಂದರೆ ಕಂಕುಳ ಕಟಿಂಗ್ ಕೆಳಗೆ ಬಂದಿದೆ. ಸಡಿಲ ಇರಲಿ ಎಂದು ಹಾಗೆ ಮಾಡುತ್ತಾರೆ, ಆದರೆ ಆಗುವುದು ತದ್ವಿರುದ್ಧ: ಕಂಕುಳ ಮೈಗೆ ಹತ್ತಿರವಿದ್ದಷ್ಟೂ ಕೈ ಆರಾಮಾಗಿ ಆಡುತ್ತದೆ. ಹಿಂದೆ ಕಾಲರಿನ ಕೆಳಗೆ ಅಡ್ಡ ಸುಕ್ಕು ಬಂದರೆ ನಿಮ್ಮ ಭುಜ ಚೌಕ, ಕಟಿಂಗ್ ಇಳಿಜಾರು. ಕುತ್ತಿಗೆಯಿಂದ ಕಂಕುಳಿನ ಕಡೆ ಓರೆ ಸುಕ್ಕು ಇಳಿದರೆ ಅದರ ಉಲ್ಟಾ. ಎದೆಯ ಗುಂಡಿಯ ಸುತ್ತ ಗುಣಾಕಾರ ಚಿಹ್ನೆಯಂತೆ ಸುಕ್ಕು ಹರಡಿದರೆ ಬಿಗಿ. ಮುಂಭಾಗ ಹಿಂಭಾಗಕ್ಕಿಂತ ಮೇಲೆ ನಿಂತರೆ ಹೊಟ್ಟೆಗೆ ಬೇಕಾದ ಉದ್ದ ಬಿಟ್ಟಿಲ್ಲ. ‘ಒಗದ ಮ್ಯಾಲ ಸರಿ ಆಗ್ತದ್ರಿ’ ಎಂದು ಮಾಸ್ಟರ್ ಸಮಾಧಾನ ಹೇಳಿದರೆ ಕೇಳಬೇಡಿ. ಇವುಗಳಲ್ಲಿ ಒಂದೂ ಒಗೆತದಿಂದ ಸರಿಯಾಗುವಂಥದ್ದಲ್ಲ.

ಹೊಸ ಟೇಲರ್ ಕೈಗೆ ಮೊದಲು ಅಗ್ಗದ ಹತ್ತಿಯ ಒಂದೇ ಅಂಗಿ ಕೊಡಿ. ನಾಲ್ಕೈದು ಸಲ ಒಗೆದು, ಇಸ್ತ್ರಿ ಮಾಡಿ, ಕಾಲರ್ ಮತ್ತು ಪಟ್ಟಿ ನೆಟ್ಟಗೆ ಉಳಿದರೆ ದುಬಾರಿ ಬಟ್ಟೆ ಕೊಡಿ. ಪುಸ್ತಕದಲ್ಲಿನ ಅಳತೆಗೆ ಟ್ರಯಲ್‌ನಲ್ಲಿ ಮಾಡಿದ ತಿದ್ದುಪಡಿ ಸೇರಿದೆಯೇ ಎಂದು ಅಂದೇ ನೋಡಿಕೊಳ್ಳಿ. ಶರಣಬಸವೇಶ್ವರ ಜಾತ್ರೆ ಮುಗಿದು ಮದುವೆಗಳು ಶುರುವಾದ ಮೇಲೆ, ರಂಜಾನಿನ ಕೊನೆಯ ಹತ್ತು ದಿನ, ದೀಪಾವಳಿಯ ವಾರ ಈ ಪರೀಕ್ಷೆಗೆ ಇಳಿಯಬೇಡಿ. ಆಗ ಒಳ್ಳೆಯ ಅಂಗಡಿಯವರೂ ಕೆಲಸವನ್ನು ಹೊರಗಿನ ಕೈಗೆ ಕೊಡುವುದುಂಟು.

ತಪ್ಪಾದ ಅಂಗಿ ಹಿಂದಿರುಗಿಸುವಾಗ ಏನನ್ನು ತಿದ್ದಲು ಸಾಧ್ಯ ಎಂಬುದು ತಿಳಿದಿರಲಿ. ಉದ್ದ ತೋಳನ್ನು ಕಫ್ ಬಿಚ್ಚಿ ಕಡಿಮೆ ಮಾಡಬಹುದು, ಪಕ್ಕ ಬಿಗಿ ಮಾಡಬಹುದು, ಕಾಲರ್ ಗುಂಡಿ ಸರಿಸಿ ಕಾಲಿಂಚು ಗಿಟ್ಟಿಸಬಹುದು. ಕಂಕುಳ ಆಳವಾಗಿ ಕತ್ತರಿಸಿದ್ದರೆ, ಭುಜ ಚಿಕ್ಕದಾಗಿದ್ದರೆ, ಅಲ್ಲಿ ಬಟ್ಟೆಯೇ ಉಳಿದಿರುವುದಿಲ್ಲ. ಆಲ್ಟರ್ ಮಾಡಿಕೊಡುತ್ತೇನೆ ಎಂದರೆ ಒಪ್ಪದೆ, ಬಟ್ಟೆಯ ಹಣ ಕೇಳಿ.